ಅಂತರಗಂಗೆಯ ಮೆಟ್ಟಿಲು, ಅಕ್ಕನ ಕಾಲು

ಕಳೆದ ಬೇಸಿಗೆಯಲ್ಲಿ ಅಕ್ಕ ಬಚ್ಚಲುಮನೆಯಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಬೆರಳುಗಳು ಮೊದಲಿನಂತೆ ಆಡತೊಡಗಿದವು. ಆದರೆ ಅಷ್ಟರೊಳಗೆ ಮನೆಯವರೆಲ್ಲ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದರು. ಸೊಸೆ ಕಾಫಿಯನ್ನು ಕೈಗೇ ತಂದುಕೊಡುತ್ತಿದ್ದಳು. ಪೂಜೆಗೆ ಹೂ ಬಿಡಿಸಲು ಹಿತ್ತಲಿಗೆ ಹೊರಟರೆ ಮಗ ಅಡ್ಡ ಬಂದು, "ಅಮ್ಮ, ನೀನು ಏಳಬೇಡ, ನಾನು ತರುತ್ತೇನೆ" ಎನ್ನುತ್ತಿದ್ದ. ಎಲ್ಲವೂ ಪ್ರೀತಿಯಿಂದಲೇ. ಆ ಪ್ರೀತಿಯನ್ನು ನಾನು ಹಗುರವಾಗಿ ಕಾಣುವವಳಲ್ಲ.

ಗೌರಿ ಹಬ್ಬದ ದಿನ ಬಾಗಿನ ಕೊಡಲು ಹೋದೆ. ಅಕ್ಕ ಕುರ್ಚಿಯ ಎರಡೂ ತೋಳುಗಳ ಮೇಲೆ ಕೈಯೂರಿ, ಹಿಂದಕ್ಕೂ ಮುಂದಕ್ಕೂ ತೂಗಿ, ಕೊನೆಗೆ ಸೊಸೆಯ ಭುಜ ಹಿಡಿದು ಎದ್ದಳು. ನಾಲ್ಕು ಹೆಜ್ಜೆ ನಡೆಯಲು ಗೋಡೆ ತಡವಿದಳು. ಮುರಿದದ್ದು ಕೈ, ಸೋತದ್ದು ಕಾಲು. ಅವಳಿಗೆ 72, ನನಗೆ 66. ಕೋಲಾರದಲ್ಲಿ ನಾವಿಬ್ಬರೂ ಬೆಳೆದ ಮನೆಯಲ್ಲಿ ನೀರಿನ ಬಿಂದಿಗೆ ಹೊತ್ತು ಓಡಾಡಿದವಳು ಅವಳೇ. ಆ ದಿನ ಮನೆಗೆ ಮರಳಿದ ಮೇಲೆ ನನಗೆ ಊಟ ಸೇರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಫಿಸಿಯೋಥೆರಪಿ ಮಾಡುತ್ತಾಳೆ. ಅವಳನ್ನು ಕರೆದುಕೊಂಡು ಹೋದೆ. ಅವಳು ಮೊದಲು ಅಕ್ಕನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದಳು. ಎದ್ದ ಕೂಡಲೇ ಒತ್ತಡ ಇಳಿದು ತಲೆ ತಿರುಗಿ ಬೀಳುವವರು ಬಹಳ ಮಂದಿಯಂತೆ. ನುಂಗುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ಒಮ್ಮೆ ತೋರಿಸಿಬನ್ನಿ ಎಂದಳು. ಆಮೇಲೆ ನಮ್ಮೆಲ್ಲರನ್ನೂ ಕೂರಿಸಿ ಹೇಳಿದ ಮಾತು ಮನಸ್ಸಿನಲ್ಲಿ ನಿಂತಿದೆ. ಬಿದ್ದವರಿಗೆ ಮತ್ತೆ ಬೀಳುವ ಭಯ. ಭಯಕ್ಕೆ ನಡೆಯುವುದು ಕಡಿಮೆ. ನಡೆಯದೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಅರವತ್ತು ದಾಟಿದವರ ಪಾಲೇ ದೊಡ್ಡದು. ಹೀಗಿರುವಾಗ ವಯಸ್ಸಾದವರಿಗೆ ಜೋಪಾನವೆಂದರೆ ಕೂರಿಸುವುದು ಎಂದು ನಮ್ಮ ಮನೆಗಳು ತಿಳಿದುಕೊಂಡಿವೆಯಲ್ಲ, ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅವಳು ಕಲಿಸಿದ್ದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವ್ಯಾಯಾಮಕ್ರಮ. ಅದನ್ನು ಮೊದಲು ಪರೀಕ್ಷಿಸಿದ್ದೇ ಎಂಬತ್ತು ದಾಟಿದ ಹೆಂಗಸರಲ್ಲಿ, 1990ರ ದಶಕದಲ್ಲಿ. ಮುಂದಿನ ಅಧ್ಯಯನಗಳನ್ನೂ ಸೇರಿಸಿ ನೋಡಿದಾಗ, ಬೀಳುವುದು ಮೂರರಲ್ಲೊಂದು ಪಾಲು ತಗ್ಗಿತ್ತು. ಇದನ್ನು ಕೇಳಿದ ಮೇಲೇ ಅಕ್ಕ ಮುಖ ಎತ್ತಿದ್ದು. "ಎಂಬತ್ತು ದಾಟಿದವರೇ?" ಎಂದು ಎರಡು ಸಲ ಕೇಳಿದಳು.

ಅದಕ್ಕೆ ಯಂತ್ರವೂ ಬೇಡ, ದುಡ್ಡೂ ಬೇಡ. ಗೋಡೆಗೆ ಒತ್ತಿ ಇಟ್ಟ ಕುರ್ಚಿಯಲ್ಲಿ ಕೂತು, ಕೈಯೂರದೆ ಏಳುವುದು, ಧೊಪ್ಪನೆ ಬೀಳದೆ ಮೆಲ್ಲಗೆ ಕೂರುವುದು. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ನಡೆಯುವುದು. ಮೊದಮೊದಲು ಅಕ್ಕನಿಂದ ಏಳಲಾಗಲಿಲ್ಲ. ಹುಡುಗಿ ಕುರ್ಚಿಯ ಮೇಲೆ ಎರಡು ದಿಂಬು ಹಾಕಿದಳು. ಕೂರುವ ಜಾಗ ಎತ್ತರವಾದರೆ ಏಳುವುದು ಸುಲಭ. ದಸರಾ ಕಳೆದ ಮೇಲೆ ಒಂದು ದಿಂಬು ಹೋಯಿತು, ದೀಪಾವಳಿಯ ಹೊತ್ತಿಗೆ ಇನ್ನೊಂದೂ ಹೋಯಿತು. ನಾನೂ ಅವಳ ಎದುರು ಇನ್ನೊಂದು ಕುರ್ಚಿ ಹಾಕಿಕೊಂಡು ಎದ್ದು ಕೂರುತ್ತಿದ್ದೆ. ಒಬ್ಬರೇ ಮಾಡಿದರೆ ಇದು ಬೇಸರದ ಕೆಲಸ.

ಊಟದ ಮಾತೂ ಬಂತು. ರಾಗಿಯ ನಾಡಿನವರಾದ ನಮಗೆ ಸುಣ್ಣದ ಅಂಶಕ್ಕೆ ಕೊರತೆ ಬರಬಾರದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅಕ್ಕ ಬಿದ್ದ ಮೇಲೆ ಹಸಿವಿಲ್ಲವೆಂದು ರಾತ್ರಿ ಮಜ್ಜಿಗೆ ಅನ್ನಕ್ಕೆ ನಿಂತಿದ್ದಳು. ಸ್ನಾಯು ಬೆಳೆಯಲು ಪ್ರೊಟೀನ್ ಬೇಕೇ ಬೇಕು. ಮೊಳಕೆ ಹುರುಳಿ, ಬೇಳೆ, ಹಾಲು ಮತ್ತೆ ತಟ್ಟೆಗೆ ಬಂದವು. ಚಳಿ ಶುರುವಾದಾಗ ಸೊಗಡಿನ ಅವರೆಯೂ ಬಂತು.

ಮದುವೆಗೆ ಮುಂಚಿನಿಂದಲೂ ಕಾರ್ತಿಕ ಸೋಮವಾರ ಅಂತರಗಂಗೆಗೆ ಹೋಗುವುದು ನಮ್ಮಿಬ್ಬರ ರೂಢಿ. ಈ ಸಲ ಜನಜಂಗುಳಿಗೆ ಹೆದರಿ ಅಕ್ಕ ಹೋಗಲಿಲ್ಲ. ಡಿಸೆಂಬರಿನಲ್ಲಿ ಒಂದು ಸಂಜೆ ತಾನಾಗಿಯೇ, "ಜನವರಿ ಒಂದಕ್ಕೆ ಬೆಟ್ಟಕ್ಕೆ ಹೋಗೋಣ" ಎಂದಳು. ಮಗ ಬೆಚ್ಚಿಬಿದ್ದ. "ನಮ್ಮ ಹೊಸ ವರ್ಷ ಯುಗಾದಿಗಲ್ಲವೇ ಅಮ್ಮ, ಆಗ ನೋಡೋಣ" ಎಂದು ತೇಲಿಸಲು ನೋಡಿದ. "ಯುಗಾದಿಗೆ ಬಿಸಿಲು ಸುಡುತ್ತದೆ, ಚಳಿಯಲ್ಲೇ ಹತ್ತಬೇಕು" ಎಂದಳು ಅಕ್ಕ. ಅವಳ ಆ ದನಿಯನ್ನು ಕೇಳಿ ಎಷ್ಟೋ ತಿಂಗಳಾಗಿತ್ತು.

ಜನವರಿ ಒಂದರ ಬೆಳಿಗ್ಗೆ ಆಟೋದಲ್ಲಿ ಹೊರಟೆವು. ಶತಶೃಂಗ ಬೆಟ್ಟಸಾಲಿನ ಬಂಡೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅಕ್ಕ ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿದ್ದಳು. ಕನ್ನಡಕವೂ ಬೇರೆ. ಓದಲೂ ನೋಡಲೂ ಒಂದೇ ಇರುವ ಕನ್ನಡಕದಲ್ಲಿ ಕೆಳಗೆ ನೋಡಿದರೆ ಮೆಟ್ಟಿಲಿನ ಅಂಚು ಮಸುಕಾಗುತ್ತದೆ, ದೂರದೃಷ್ಟಿಯದನ್ನಷ್ಟೇ ಹಾಕಿಕೊಳ್ಳಿ ಎಂದು ಹುಡುಗಿ ಹೇಳಿಕಳಿಸಿದ್ದಳು. ಅಕ್ಕನ ಎಡ ಮೊಣಕಾಲಿನಲ್ಲಿ ಹಳೆಯ ನೋವಿದೆ. ಅದಕ್ಕೂ ಒಂದು ಸೂತ್ರ ಹೇಳಿಕೊಟ್ಟಿದ್ದಳು: ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಅಕ್ಕ ಅದನ್ನು ಮಂತ್ರದಂತೆ ಹೇಳಿಕೊಳ್ಳುತ್ತ ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟಳು.

ಹತ್ತಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಣಿವಾದಾಗ ಕೂತೆವು, ಕೋತಿಗಳಿಗೆ ಕಾಣದಂತೆ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡೆವು, ಮತ್ತೆ ಎದ್ದೆವು. ಕೈಯೂರದೆ ಎದ್ದೆವು. ಗುಹೆಗಳನ್ನು ನೋಡಲು ರಾತ್ರಿಯೇ ಬೆಟ್ಟ ಹತ್ತಿದ್ದ ಬೆಂಗಳೂರಿನ ಹುಡುಗರು ಇಳಿದು ಬರುತ್ತ ಹೊಸ ವರ್ಷದ ಶುಭಾಶಯ ಹೇಳಿದರು. ಅಕ್ಕ ನಿಂತು ಒಬ್ಬೊಬ್ಬರಿಗೂ ಮರುಹಾರೈಸಿದಳು.

ಕಾಶಿ ವಿಶ್ವನಾಥನ ಗುಡಿಯ ಬಳಿ ಬಸವನ ಬಾಯಿಂದ ನೀರು ಬೀಳುತ್ತಿತ್ತು. ಸುತ್ತಲಿನ ಕಲ್ಲೆಲ್ಲ ಒದ್ದೆ. ಅಲ್ಲಿಯವರೆಗೆ ಬಂದ ಅಕ್ಕ ಕಲ್ಲಾಗಿ ನಿಂತಳು. ಚಪ್ಪಲಿ ಬಿಟ್ಟಾಗಿತ್ತು, ಬರಿಗಾಲು. ಮುಖ ಬಿಳಿಚಿತ್ತು. "ಅವತ್ತಿನಿಂದ ಒದ್ದೆ ನೆಲ ಕಂಡರೆ ಎದೆ ಹೊಡೆದುಕೊಳ್ಳುತ್ತದೆ ಕಣೆ. ಸ್ನಾನಕ್ಕೆ ಹೋಗುವ ಮುಂಚೆ ದಿನವೂ ದೇವರಿಗೆ ಕೈ ಮುಗಿಯುತ್ತೇನೆ" ಎಂದಳು. ಅಷ್ಟು ತಿಂಗಳು ಒಂದೇ ಮನೆಯೊಳಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು. ಅಲ್ಲಿಯವರೆಗೆ ನಾವೆಲ್ಲ ಅವಳ ಮೂಳೆಯನ್ನು ವಿಚಾರಿಸಿಕೊಂಡಿದ್ದೆವು, ಸ್ನಾಯುವನ್ನೂ ವಿಚಾರಿಸಿಕೊಂಡಿದ್ದೆವು. ಇದನ್ನು ಯಾರೂ ಕೇಳಿರಲಿಲ್ಲ.

ನನ್ನ ಕೈ ತಾನಾಗಿಯೇ ಅವಳ ತೋಳಿನತ್ತ ಹೋಯಿತು. ಅವಳು ತಲೆಯಾಡಿಸಿದಳು. "ಹತ್ತಿರ ಇರು, ಹಿಡಿಯಬೇಡ." ಪಾದವನ್ನು ಪೂರ್ತಿ ನೆಲಕ್ಕೆ ಊರಿ, ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಒಂದೊಂದು ಹೆಜ್ಜೆಗೂ ನಿಂತು ಹೋದಳು. ಆ ಸ್ವಲ್ಪ ದೂರ ಅವಳನ್ನು ಹಿಡಿಯದೆ ನಡೆದದ್ದೇ ನನಗೆ ಇಡೀ ಬೆಟ್ಟಕ್ಕಿಂತ ಕಷ್ಟವಾಯಿತು. ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡು ನಕ್ಕಳು.

ಇಳಿಯುವುದು ಹತ್ತುವುದಕ್ಕಿಂತ ಕಠಿಣ. ಮೈಭಾರವೆಲ್ಲ ಹೊತ್ತುಕೊಂಡೇ ತೊಡೆಯ ಸ್ನಾಯು ನಿಧಾನವಾಗಿ ಸಡಿಲಬೇಕು, ಮೊಣಚಿಪ್ಪಿನ ಮೇಲೆ ಒತ್ತಡವೂ ಹೆಚ್ಚು. ಎಡಗಾಲು ಮುಂದೆ, ಬಲಗಾಲು ಜೊತೆಗೆ. ಅರ್ಧ ದಾರಿಯಲ್ಲಿ ಮಗ ಏದುಸಿರು ಬಿಡುತ್ತ ಎದುರಾದ. ಮನೆಯಲ್ಲಿ ಕೂರಲಾರದೆ ಸ್ಕೂಟರ್ ಹತ್ತಿ ಬಂದಿದ್ದ. ತಾಯಿಯ ಕಂಕುಳಿಗೆ ಕೈ ಹಾಕಹೋದ. "ಎಳೆಯಬೇಡಪ್ಪ. ಒಂದು ಮೆಟ್ಟಿಲು ಕೆಳಗೆ, ನನ್ನ ಮುಂದೆ ನಡೆ. ಬೇಕೆನಿಸಿದರೆ ನಾನೇ ನಿನ್ನ ಹೆಗಲು ಹಿಡಿಯುತ್ತೇನೆ" ಎಂದಳು. ಅವನು ಹಾಗೆಯೇ ನಡೆದ. ಎರಡು ಕಡೆ ಹೆಗಲು ಹಿಡಿದಳು, ಉಳಿದಂತೆ ಇಲ್ಲ.

ಮರುದಿನ ಇಬ್ಬರ ತೊಡೆಗಳೂ ಹಿಡಿದುಕೊಂಡಿದ್ದವು. ಮೊಣಕಾಲು ಊದಿದ್ದರೆ, ಮುಟ್ಟಿದರೆ ಬಿಸಿಯೆನಿಸಿದರೆ ಹೇಳಿ, ಬರೀ ಸ್ನಾಯುನೋವಾದರೆ ತಾನೇ ಹೋಗುತ್ತದೆ ಎಂದಳು ಹುಡುಗಿ. ಹಾಗೆಯೇ ಹೋಯಿತು. ಅದೇ ವಾರ ಮಗ ಬಚ್ಚಲಿನ ಗೋಡೆಗೆ ಉಕ್ಕಿನ ಹಿಡಿ ಹಾಕಿಸಿ, ಕೆಳಗೆ ಒರಟು ಚಾಪೆ ಹಾಸಿ, ರಾತ್ರಿ ಉರಿಯುವ ಸಣ್ಣ ದೀಪವನ್ನೂ ಇಟ್ಟ. ಹಿತ್ತಲಿನ ಹೂ ಮತ್ತೆ ಅಕ್ಕನ ಪಾಲಿಗೆ ಬಂತು.

ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಎದುರುಮನೆಯ ಹಿರಿಯರೊಬ್ಬರು, ತಾವೂ ಹೋದ ವರ್ಷ ಬಿದ್ದದ್ದನ್ನು ಸೊಸೆಗೆ ಕೇಳಿಸದಂತೆ ಪಿಸುದನಿಯಲ್ಲಿ ಹೇಳಿದರು. ಅಕ್ಕ ಅವರನ್ನು ಕುರ್ಚಿಯಲ್ಲಿ ಕೂರಿಸಿ, ದಿಂಬು ತರಲು ಒಳಗೆ ಹೋದಳು. ಈಗ ನಾವು ಮೂವರು. ನೆಲದಿಂದ ಏಳುವುದನ್ನು ಕಲಿಯುತ್ತಿದ್ದೇವೆ: ಮಗ್ಗುಲಾಗಿ ಹೊರಳಿ, ಅಂಬೆಗಾಲಿಗೆ ಬಂದು, ಕುರ್ಚಿ ಹಿಡಿದು, ಒಂದು ಪಾದ ಮುಂದೂರಿ ಏಳಬೇಕು. ಅಕ್ಕನಿಗೆ ಇನ್ನೂ ಪೂರ್ತಿ ಬಂದಿಲ್ಲ. ಶಿವರಾತ್ರಿಯೊಳಗೆ ಬರಲೇಬೇಕೆಂದು ಹಟ ಹಿಡಿದಿದ್ದಾಳೆ. ಆ ದಿನ ಗುಡಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂರಬೇಕಂತೆ.