ಲಿವರ್ ಕ್ಯಾನ್ಸರ್‌ಗೆ ಮಾತ್ರೆ ಬಂದಿದೆಯಂತಲ್ಲ, ವಾಸಿಯಾಗುತ್ತಾ?

ನಾನು ಕೂರುವುದು ಆಸ್ಪತ್ರೆಯ ಔಷಧಿ ಕೌಂಟರ್‌ನಲ್ಲಿ. ಡಾಕ್ಟರ್ ಚೀಟಿ ಒಳಗೆ ತಳ್ಳಿ, ಪಕ್ಕದವರಿಗೆ ಕೇಳಿಸದ ಹಾಗೆ ಕಿಂಡಿಗೆ ಬಾಯಿ ತಂದು ಜನ ಕೇಳುತ್ತಾರೆ: "ಮೇಡಂ, ಲಿವರ್ ಕ್ಯಾನ್ಸರ್‌ಗೆ ಹೊಸ ಮಾತ್ರೆ ಬಂದಿದೆಯಂತಲ್ಲ, ಇದರಲ್ಲಿ ಪೂರ್ತಿ ವಾಸಿಯಾಗುತ್ತಾ?"

ಮಾತ್ರೆ ಇದೆ. ಆದರೆ ಕಾಯಿಲೆ ಮುಂದುವರಿದ ಮೇಲೆ ಪೂರ್ತಿ ವಾಸಿಯಾಗುವುದು ತೀರಾ ಅಪರೂಪ. ಅದು ಕೊಡುವುದು ಒಂದಷ್ಟು ಕಾಲ.

ಲಿವರ್ ಗಡ್ಡೆಗೆ ರಕ್ತದ ಹಸಿವು ಜಾಸ್ತಿ. ಪಕ್ಕದ ತೋಟದವನು ರಾತ್ರೋರಾತ್ರಿ ಕಾಲುವೆ ಒಡೆದು ನೀರು ತಿರುಗಿಸಿಕೊಂಡ ಹಾಗೆ, ಅದು ತನ್ನ ಕಡೆಗೆ ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ. ಸೊರಾಫೆನಿಬ್, ಲೆನ್ವಾಟಿನಿಬ್ ಮಾತ್ರೆಗಳು ಮುಖ್ಯವಾಗಿ ಆ ಕಾಲುವೆ ಕೆಲಸಕ್ಕೇ ಅಡ್ಡ ನಿಲ್ಲುತ್ತವೆ. ಮಾಮೂಲಿ ಕೀಮೋಗೆ ಈ ಕ್ಯಾನ್ಸರ್ ಅಷ್ಟಾಗಿ ಜಗ್ಗುವುದಿಲ್ಲ.

ಮೊದಲು ಬಂದದ್ದು ಸೊರಾಫೆನಿಬ್, 2007ರಲ್ಲಿ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡವರ ಆಯಸ್ಸಿನ ನಡುವಿನ ಲೆಕ್ಕ 7.9 ತಿಂಗಳು, ಇದನ್ನು ತಗೊಂಡವರದ್ದು 10.7. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಅದು ನಡುವಿನ ಲೆಕ್ಕ. ಅರ್ಧ ಜನ ಅದಕ್ಕಿಂತ ಜಾಸ್ತಿ ಕಾಲ ಇದ್ದರು.

ಆಗ ಇದರ ಬೆಲೆ ತಿಂಗಳಿಗೆ ಸುಮಾರು 2,80,000 ರೂಪಾಯಿ. 2012ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋಗೆ ಅದೇ ಔಷಧಿ ತಯಾರಿಸಲು ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇರುವ ಕಂಪನಿ ಒಪ್ಪದಿದ್ದರೂ ತಯಾರಿಸುವ ಅನುಮತಿ ಕೊಟ್ಟಿತು. ದೇಶದಲ್ಲೇ ಅಂಥದ್ದು ಮೊದಲು. ಬೆಲೆ 8,880ಕ್ಕೆ ಇಳಿಯಿತು. ಮೂಲ ಕಂಪನಿ ಬೇಯರ್ ಕೋರ್ಟು ಹತ್ತಿತು, ಗೆಲ್ಲಲಿಲ್ಲ. ಹೊಲ ಮಾರಿ ಬರುತ್ತೇವೆ ಅನ್ನುವವರನ್ನು ಎದುರಿಗೇ ನೋಡುವ ನನಗೆ, ಔಷಧಿ ಕಂಡುಹಿಡಿದದ್ದಕ್ಕಿಂತ ಇದು ಸಣ್ಣ ಸುದ್ದಿ ಅನ್ನಿಸುವುದಿಲ್ಲ.

ಈಗ ಡಾಕ್ಟರುಗಳು ಮೊದಲು ಯೋಚಿಸುವುದು ಡ್ರಿಪ್‌ನಲ್ಲಿ ಕೊಡುವ ಔಷಧಿ ಜೋಡಿಗಳನ್ನು. ಅಟೆಜೋಲಿಜುಮ್ಯಾಬ್ ಜೊತೆ ಬೆವಾಸಿಜುಮ್ಯಾಬ್, ಮೂರು ವಾರಕ್ಕೊಮ್ಮೆ. ಒಂದು ನಮ್ಮ ರೋಗನಿರೋಧಕ ಶಕ್ತಿಯ ಬ್ರೇಕ್ ತೆಗೆಯುತ್ತದೆ, ಇನ್ನೊಂದು ಆ ಕಾಲುವೆಗೇ ಅಡ್ಡ ನಿಲ್ಲುತ್ತದೆ. ಇದನ್ನು ಸೊರಾಫೆನಿಬ್ ಜೊತೆ ಹೋಲಿಸಿದ ಬೇರೆ ಪ್ರಯೋಗದಲ್ಲಿ ಸೊರಾಫೆನಿಬ್‌ನವರ ನಡುವಿನ ಲೆಕ್ಕ 13.4 ತಿಂಗಳಾದರೆ ಇವರದ್ದು 19.2. ಆದರೆ ಅನ್ನನಾಳದಲ್ಲಿ ಊದಿದ ರಕ್ತನಾಳಗಳಿದ್ದರೆ ರಕ್ತಸ್ರಾವದ ಭಯ ಇರುತ್ತದೆ. ಅದಕ್ಕೇ ಮೊದಲು ಎಂಡೋಸ್ಕೋಪಿ. ಸುಮ್ನೆ ಬಿಲ್ ಏರಿಸಲು ಮಾಡಿಸುತ್ತಾರೆ ಅಂದುಕೊಳ್ಳಬೇಡಿ. ಡುರ್ವಾಲುಮ್ಯಾಬ್, ಟ್ರೆಮೆಲಿಮುಮ್ಯಾಬ್ ಅನ್ನುವ ಇನ್ನೊಂದು ಜೋಡಿ ಪಡೆದವರಲ್ಲಿ ಐದು ವರ್ಷದ ನಂತರವೂ ನೂರಕ್ಕೆ ಸುಮಾರು 20 ಮಂದಿ ಇದ್ದರು.

ಯಾರಿಗೆ ಕೊಡಬಹುದು ಅನ್ನುವುದನ್ನು ಗಡ್ಡೆಗಿಂತ ಉಳಿದ ಲಿವರ್ ತೀರ್ಮಾನಿಸುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿದ್ದರೆ ಈ ಔಷಧಿಗಳನ್ನು ತಡೆದುಕೊಳ್ಳುವುದೇ ಕಷ್ಟ. ಜೊತೆಗೆ ಯಾರೋ ಹೇಳಿದರು ಅಂತ ಕಾಮಾಲೆಗೆ ನಾಟಿ ಔಷಧಿ ಕುಡಿಯುತ್ತಿದ್ದರೆ ದಯವಿಟ್ಟು ಡಾಕ್ಟರಿಗೆ ಹೇಳಿ, ಬೈದರೂ ಪರವಾಗಿಲ್ಲ.

ಸೊರಾಫೆನಿಬ್ ಕೊಡುವಾಗ ನಾನು ಎರಡು ಮಾತು ತಪ್ಪದೇ ಹೇಳುತ್ತೇನೆ. ಬೆಣ್ಣೆ ದೋಸೆ ತಿಂದು ಇದನ್ನು ನುಂಗಬೇಡಿ, ಜಿಡ್ಡಿನ ಊಟದ ಜೊತೆ ಇದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮತ್ತೆ, ಅಂಗಾಲು ನೋಡಿಕೊಳ್ಳಿ.

ಗದ್ದೆ ಕೆಲಸದ ಯಜಮಾನರೊಬ್ಬರು ಮೂರನೇ ವಾರ ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಹಿಮ್ಮಡಿ ಕೆಂಪಗೆ, ನೀರ್ಗುಳ್ಳೆ. ಅಂಗೈಯೂ ಹಾಗೇ. ಅವರ ಹೆಂಡತಿ ಮೆಲ್ಲಗೆ, "ಹೇಳಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ ಅಂತ ಹತ್ತು ದಿನದಿಂದ ಬಾಯಿ ಬಿಟ್ಟಿಲ್ಲ ಕಣಮ್ಮಾ" ಅಂದರು. ನಾನು ಅವರನ್ನು ಅಲ್ಲಿಂದಲೇ ಡಾಕ್ಟರ್ ಹತ್ತಿರ ಕಳಿಸಿದೆ. ಡಾಕ್ಟರ್ ಒಂದು ವಾರ ಬಿಡುವು ಕೊಟ್ಟು, ಕ್ರೀಮ್ ಬರೆದು, ದಿನಕ್ಕೆ ನಾಲ್ಕಿದ್ದ ಮಾತ್ರೆಯನ್ನು ಎರಡಕ್ಕೆ ಇಳಿಸಿದರು.

ಮುಂದಿನ ತಿಂಗಳು ಯಜಮಾನರು ಚಪ್ಪಲಿ ಹಾಕಿಕೊಂಡೇ ಬಂದರು.