ಹುಲಿ-ಕುರಿ ಆಟವನ್ನು ಕೊನೆಯಿಂದ ಬಿಡಿಸುವ ಪ್ರಯತ್ನ: ಹನ್ನೊಂದನೆಯ ಪದರದವರೆಗೆ

ಜೂನ್ 8

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನ ಅರಳಿಕಟ್ಟೆಯ ಚಪ್ಪಡಿಯೊಂದರ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಯಾವ ಕಾಲದಲ್ಲೋ ಕೊರೆದಿದ್ದಾರೆ. ಮೇಲೊಂದು ತುದಿ, ಅಲ್ಲಿಂದ ಕೆಳಕ್ಕೆ ಹರಡುವ ನಾಲ್ಕು ಗೆರೆಗಳು, ಅವುಗಳನ್ನು ದಾಟುವ ಮೂರು ಅಡ್ಡಸಾಲುಗಳು, ಆ ಸಾಲುಗಳ ಕೊನೆಗಳನ್ನು ಎರಡೂ ಪಕ್ಕದಲ್ಲಿ ಕೂಡಿಸುವ ಗೆರೆ, ತಳದಲ್ಲಿ ನಾಲ್ಕು ಮನೆ. ತುದಿಯ 1, ಸಾಲುಗಳ 18, ತಳದ 4 ಸೇರಿ ಒಟ್ಟು 23 ಮನೆಗಳು. ಹುಲಿಗಳು ಮೂರು, ಕುರಿಗಳು ಹದಿನೈದು. ಎರಡೂ ಕಡೆಯವರು ಎಲ್ಲಿಯೂ ತಪ್ಪದೆ ಆಡಿದರೆ ಗೆಲ್ಲುವವರು ಯಾರು ಎಂಬುದನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಲೆಕ್ಕಹಾಕಿ ತಿಳಿಯುವುದು ಈ ಕೆಲಸದ ಉದ್ದೇಶ. ಇಂಥ ಆಟಗಳಲ್ಲಿ ಪ್ರತಿಯೊಂದು ಸ್ಥಿತಿಗೂ ಗೆಲುವು, ಸೋಲು ಅಥವಾ ಸಮ ಎಂಬ ನಿಶ್ಚಿತ ಬೆಲೆಯೊಂದು ಇದ್ದೇ ಇರುತ್ತದೆ ಎಂಬ ವಿಚಾರದ ಬೇರು, ಚದುರಂಗವನ್ನು ಕುರಿತು 1913ರಲ್ಲಿ ಗಣಿತಜ್ಞ ಎರ್ನ್ಸ್ಟ್ ಜೆರ್ಮೆಲೊ ಬರೆದ ಪ್ರಬಂಧದಲ್ಲಿದೆ. ಬೆಲೆ ಇದೆ ಎಂದು ತಿಳಿಯುವುದಕ್ಕೂ ಅದು ಎಷ್ಟೆಂದು ಕಂಡುಹಿಡಿಯುವುದಕ್ಕೂ ಬಹಳ ಅಂತರವಿದೆ.

ಕಳೆದ ಬೇಸಿಗೆಯಲ್ಲಿ ನಾನು ಆಲ್ಫಾ-ಬೀಟಾ ಹುಡುಕಾಟದಿಂದ, ಅಂದರೆ ಮುಂದಿನ ನಡೆಗಳನ್ನು ನೋಡುತ್ತಾ ಫಲಿತಾಂಶವನ್ನು ಬದಲಿಸಲಾರದ ದಾರಿಗಳನ್ನು ಕೈಬಿಡುವ ಕ್ರಮದಿಂದ ಆರಂಭಿಸಿದ್ದೆ. ಒಮ್ಮೆ ನೋಡಿದ ಸ್ಥಿತಿಯನ್ನು ಮತ್ತೆ ಲೆಕ್ಕಹಾಕದಿರಲು ಆಲ್ಬರ್ಟ್ ಜೋಬ್ರಿಸ್ಟ್ 1970ರಲ್ಲಿ ಸೂಚಿಸಿದ ಕ್ರಮದಂತೆ ಹ್ಯಾಶ್ ಟೇಬಲ್ (ಸ್ಥಿತಿಗಳ ಬೆಲೆಗಳನ್ನು ಬರೆದಿಡುವ ಪಟ್ಟಿ) ಕಟ್ಟಿಕೊಂಡಿದ್ದೆ. ದೊಡ್ಡಪ್ಪನ ಎದುರು ಆ ಪ್ರೋಗ್ರಾಂ ಚೆನ್ನಾಗಿಯೇ ಆಡುತ್ತಿತ್ತು, ಆದರೆ ಅದು ಹೇಳುತ್ತಿದ್ದ ಬೆಲೆಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಹಿಂದೆ ಬಂದ ಸ್ಥಿತಿ ಮತ್ತೆ ಬಂದರೆ ಆಟ ಸಮ ಎಂದು ಅದಕ್ಕೆ ಕಲಿಸಿದ್ದೆ. ಒಂದು ದಾರಿಯಲ್ಲಿ ಬಂದಾಗ ಹೀಗೆ ಸಮವೆನಿಸಿದ ಸ್ಥಿತಿಯ ಬೆಲೆ ಟೇಬಲ್‌ಗೆ ಸೇರುತ್ತಿತ್ತು. ಬೇರೆ ದಾರಿಯಲ್ಲಿ, ಯಾವ ಪುನರಾವರ್ತನೆಯೂ ಇಲ್ಲದೆ ಅದೇ ಸ್ಥಿತಿಗೆ ಬಂದಾಗಲೂ ಅದೇ ‘ಸಮ’ ಹೊರಬರುತ್ತಿತ್ತು. ಬೆಲೆ ಸ್ಥಿತಿಗೆ ಸೇರಿದ್ದೋ, ಅಲ್ಲಿಗೆ ಬಂದ ದಾರಿಗೆ ಸೇರಿದ್ದೋ ಎಂಬುದನ್ನು ನಾನು ಬೆರೆಸಿಬಿಟ್ಟಿದ್ದೆ. ಆ ಕೋಡ್ ಅನ್ನು ಅಲ್ಲಿಗೇ ಬಿಟ್ಟೆ.

ಜೂನ್ 15

ಈ ಸಲ ಕೋಡ್ ಬರೆಯುವ ಮೊದಲು ಎಣಿಕೆ ಮಾಡಿದ್ದೇನೆ. ಅದಕ್ಕೆ ನಿಯಮಗಳು ಖಚಿತವಾಗಬೇಕಿತ್ತು. ನಮ್ಮ ಕಟ್ಟೆಯ ಪದ್ಧತಿಯಲ್ಲಿ ಹುಲಿ ಆರು ಕುರಿಗಳನ್ನು ಹಾರಿ ಹೊಡೆದರೆ ಗೆದ್ದಂತೆ. ಮೂರೂ ಹುಲಿಗಳನ್ನು ಕದಲದಂತೆ ಕಟ್ಟಿದರೆ ಕುರಿ ಗೆದ್ದಂತೆ. ಹದಿನೈದೂ ಕುರಿಗಳನ್ನು ಇಟ್ಟು ಮುಗಿಯುವವರೆಗೆ ಇಟ್ಟ ಕುರಿಯನ್ನು ನಡೆಸುವಂತಿಲ್ಲ. ಚಿಕ್ಕಮಗಳೂರಿನ ಕಡೆಯ ನಮ್ಮ ನೆಂಟರು ಆರಕ್ಕೆ ನಿಲ್ಲಿಸುವುದನ್ನು ಒಪ್ಪುವುದಿಲ್ಲ. ದೊಡ್ಡಪ್ಪನನ್ನು ಕೇಳಿದರೆ, “ಒಂಬತ್ತು ಕುರಿ ಇಟ್ಕಂಡು ಹುಲಿ ಕಟ್ಟೋನು ಇನ್ನೂ ಹುಟ್ಟಿಲ್ಲ ಕಣೋ” ಎಂದು ವಾದವನ್ನು ಮುಗಿಸಿದರು. ಇದು ಪ್ರಮೇಯವಲ್ಲದಿದ್ದರೂ ಕೆಲಸವನ್ನು ಕಡಿಮೆ ಮಾಡುತ್ತದೆಯಾದ್ದರಿಂದ ಆರನ್ನೇ ಇಟ್ಟುಕೊಂಡೆ.

ಮೂರು ಹುಲಿಗಳನ್ನು 23 ಮನೆಗಳಲ್ಲಿ 1,771 ರೀತಿ ಇಡಬಹುದು. ಉಳಿದ 20 ಮನೆಗಳಲ್ಲಿ ಹತ್ತರಿಂದ ಹದಿನೈದರವರೆಗೆ ಕುರಿಗಳನ್ನು ಇಡುವ ರೀತಿಗಳು 6,10,470. ಇವೆರಡನ್ನು ಗುಣಿಸಿ, ಸರದಿ ಹುಲಿಯದೋ ಕುರಿಯದೋ ಎಂಬುದಕ್ಕಾಗಿ ಇಮ್ಮಡಿಸಿದರೆ, ಕುರಿ ನಡೆಸುವ ಹಂತದ ಒಟ್ಟು ಸ್ಥಿತಿಗಳು 2,16,22,84,740. ಒಂದು ಸ್ಥಿತಿಗೆ ಎರಡು ಬಿಟ್ ಸಾಕಾಗುವುದರಿಂದ ಇಷ್ಟೂ ಸುಮಾರು 54 ಕೋಟಿ ಬೈಟ್‌ಗಳಲ್ಲಿ ಅಡಗುತ್ತವೆ, ಅಂದರೆ ಒಂದು ಸಿನಿಮಾ ಫೈಲ್‌ಗಿಂತ ಹೆಚ್ಚೇನಲ್ಲ. ಕುರಿ ಇಡುವ ಹಂತದಲ್ಲಿ, ಸತ್ತ ಕುರಿಗಳ ಲೆಕ್ಕವೂ ಸೇರುವುದರಿಂದ, ಸ್ಥಿತಿಗಳು ಸುಮಾರು 1,685 ಕೋಟಿಗೆ ಏರುತ್ತವೆ.

ಈ ಎರಡನೆಯ ಸಂಖ್ಯೆಯನ್ನು ನೋಡಿ ಒಂದು ವಾರ ಎದೆಗುಂದಿದ್ದೆ, ಆದರೆ ಅದಕ್ಕೆ ಕಾರಣವಿರಲಿಲ್ಲ. ಇಡುವ ಹಂತದಲ್ಲಿ ಪ್ರತಿ ಸುತ್ತಿಗೂ ಕೈಯಲ್ಲಿರುವ ಕುರಿ ಒಂದು ಕಡಿಮೆಯಾಗಲೇಬೇಕು; ಹೋದ ಸ್ಥಿತಿ ಮತ್ತೆ ಬರುವುದು ಸಾಧ್ಯವೇ ಇಲ್ಲ. ಹಾಗಾಗಿ ಹದಿನೈದನೆಯ ಕುರಿಯಿಂದ ಹಿಂದಕ್ಕೆ ಬರುತ್ತಾ ಪ್ರತಿ ಸ್ಥಿತಿಯನ್ನು ಒಮ್ಮೆ ಮಾತ್ರ ನೋಡಿದರೆ ಸಾಕು. ನಡೆಸುವ ಹಂತವು ಅದರ ಎಂಟನೆಯ ಒಂದು ಪಾಲಿನಷ್ಟೇ ಇದ್ದರೂ ಅಲ್ಲಿ ಹುಲಿ ಹೋಗಿ ಬಂದು, ಕುರಿ ಹೋಗಿ ಬಂದು ಎಷ್ಟು ಹೊತ್ತಾದರೂ ಸುತ್ತುತ್ತಿರಬಹುದು. ಹಳೆಯ ಪ್ರೋಗ್ರಾಂ ಎಡವಿದ್ದೂ ಈ ಸುತ್ತಿನಲ್ಲಿಯೇ.

ಜೂನ್ 29

ನಡೆಸುವ ಹಂತಕ್ಕೆ ಆಟವನ್ನು ಕೊನೆಯಿಂದ ಬಿಡಿಸುವ ಕ್ರಮವನ್ನು, ಅಂದರೆ ರೆಟ್ರೋಗ್ರೇಡ್ ಅನಾಲಿಸಿಸ್ ಅನ್ನು ಆರಿಸಿಕೊಂಡಿದ್ದೇನೆ. ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಚದುರಂಗದ ಕೊನೆಯಾಟಗಳನ್ನು ಬಿಡಿಸಿದ್ದು ಹೀಗೆಯೇ. ರಾಲ್ಫ್ ಗ್ಯಾಸರ್ 1993ರಲ್ಲಿ ನಮ್ಮ ನವಕಂಕರಿಯನ್ನು ಹೋಲುವ, 24 ಮನೆಗಳ ನೈನ್ ಮೆನ್ಸ್ ಮಾರಿಸ್ ಸಮದಲ್ಲಿ ಮುಗಿಯುವ ಆಟವೆಂದು ತೋರಿಸಿದಾಗಲೂ ಕೊನೆಯ ಸ್ಥಿತಿಗಳ ಪಟ್ಟಿಯನ್ನು ಇದೇ ಕ್ರಮದಿಂದ ಕಟ್ಟಿದ್ದರು. ನಮ್ಮ ಆಟಕ್ಕೆ ಇನ್ನೂ ಹತ್ತಿರದ್ದೆಂದರೆ ನೇಪಾಳದ ಬಾಘ್-ಚಾಲ್: 25 ಮನೆ, 4 ಹುಲಿ, 20 ಆಡು. ಅದೂ ಸಮವೆಂದು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಲೆಕ್ಕಹಾಕಿ ತೋರಿಸಿದ್ದಾರೆ.

ಹೊಡೆದ ಕುರಿ ಹಿಂದಿರುಗುವುದಿಲ್ಲವಾದ್ದರಿಂದ ಹತ್ತು ಕುರಿಗಳು ಉಳಿದಿರುವ ಸ್ಥಿತಿಗಳ ಪದರವನ್ನು ಮೊದಲು ಮುಗಿಸಿ, ಅದರ ಆಧಾರದ ಮೇಲೆ ಹನ್ನೊಂದನ್ನು, ಹಾಗೆಯೇ ಹದಿನೈದರವರೆಗೆ ಏರಬಹುದು. ಒಂದು ಪದರದೊಳಗೆ ಪ್ರತಿ ಸ್ಥಿತಿಗೂ ಇನ್ನೂ ತೀರ್ಮಾನವಾಗದ ನಡೆಗಳ ಎಣಿಕೆಯನ್ನು ಇಟ್ಟಿರುತ್ತೇನೆ. ಸೋತ ಸ್ಥಿತಿಗೆ ಎದುರಾಳಿಯನ್ನು ತಳ್ಳಬಲ್ಲ ಸ್ಥಿತಿ ಗೆದ್ದ ಸ್ಥಿತಿ. ಎದುರಾಳಿಯ ಗೆಲುವಿಗೆ ಒಯ್ಯುವ ಪ್ರತಿ ನಡೆಗೂ ಎಣಿಕೆಯಲ್ಲಿ ಒಂದು ಇಳಿಯುತ್ತದೆ, ಸೊನ್ನೆಯಾದರೆ ಆ ಸ್ಥಿತಿ ಸೋತಂತೆ. ಹೀಗೆ ತೀರ್ಮಾನಗಳು ಸ್ಥಿತಿಯಿಂದ ಸ್ಥಿತಿಗೆ ಅಲೆಯಾಗಿ ಹಬ್ಬಿ ನಿಂತ ಮೇಲೆ ಯಾವ ಗುರುತೂ ಇಲ್ಲದೆ ಉಳಿದವೆಲ್ಲ ಸಮ. ದಾರಿಯ ನೆನಪು ಇಲ್ಲಿ ಬೇಕಾಗುವುದೇ ಇಲ್ಲ.

ಎಡಬಲ ಕನ್ನಡಿಯಾಗಿ ನೋಡಿದರೆ ಒಂದೇ ಆಗುವ ಸ್ಥಿತಿಗಳನ್ನು ಸೇರಿಸಿದ್ದರಿಂದ ಕೆಲಸ ಹೆಚ್ಚುಕಡಿಮೆ ಅರ್ಧವಾಯಿತು. ಇಲ್ಲಿ ನನಗೆ ಬಹಳ ಇಷ್ಟವಾದ ವಿಷಯವೊಂದಿದೆ. ಕನ್ನಡಿಯ ಗೆರೆಯ ಮೇಲೆ ಬೀಳುವ ಮನೆ ತುದಿಯೊಂದೇ. ಮೂರು ಹುಲಿಗಳು ಎಡಬಲ ಸಮನಾಗಿ ನಿಲ್ಲಬೇಕಾದರೆ ಒಂದು ಹುಲಿ ತುದಿಯಲ್ಲಿರಲೇಬೇಕು. ಆಗ ಕುರಿಗಳು ಜೋಡಿಜೋಡಿಯಾಗಿಯೇ ನಿಲ್ಲಬೇಕು. ಆದ್ದರಿಂದ ಹನ್ನೊಂದು, ಹದಿಮೂರು, ಹದಿನೈದು ಕುರಿಗಳ ಪದರಗಳಲ್ಲಿ ತನಗೆ ತಾನೇ ಕನ್ನಡಿಯಾದ ಸ್ಥಿತಿ ಒಂದೂ ಇಲ್ಲ, ಹತ್ತರ ಪದರದಲ್ಲಿ ಒಂದು ಸರದಿಗೆ 2,772 ಇವೆ. ಪ್ರೋಗ್ರಾಂ ಹತ್ತರ ಪದರಕ್ಕೆ 16,36,02,824 ಎಂದೂ ಹನ್ನೊಂದರದಕ್ಕೆ 14,87,28,580 ಎಂದೂ ಎಣಿಸಿದ್ದು ಕಾಗದದ ಲೆಕ್ಕಕ್ಕೆ ಸರಿಯಾಗಿ ಹೊಂದಿದಾಗ, ಸ್ಥಿತಿಗೆ ಸಂಖ್ಯೆ ಕೊಡುವ ಭಾಗವನ್ನಾದರೂ ನಂಬಬಹುದೆನಿಸಿತು.

ಜುಲೈ 13

ಹನ್ನೊಂದನೆಯ ಪದರದಲ್ಲಿ ತಪ್ಪು ಸಿಕ್ಕಿತು. ಹುಣಸೆ ಬೀಜಗಳನ್ನು ಕುರಿಗಳಾಗಿಯೂ ಬೆಣಚುಕಲ್ಲುಗಳನ್ನು ಹುಲಿಗಳಾಗಿಯೂ ಇಟ್ಟುಕೊಂಡು, ಪ್ರೋಗ್ರಾಂ ‘ಹುಲಿ ಕಟ್ಟಿದೆ’ ಎಂದ ಸ್ಥಿತಿಗಳನ್ನು ದೊಡ್ಡಪ್ಪನಿಗೆ ಒಂದೊಂದಾಗಿ ತೋರಿಸುತ್ತಿದ್ದೆ. ಒಂದರಲ್ಲಿ ಮೂರೂ ಹುಲಿಗಳು ಎಡಪಕ್ಕದ ಗೆರೆಯ ಮೂರು ಮನೆಗಳಲ್ಲಿದ್ದವು. ಮೂರು ಸಾಲುಗಳಲ್ಲಿಯೂ ಅವುಗಳ ಪಕ್ಕದ ಮನೆಯಲ್ಲಿ ಕುರಿ ಇತ್ತು, ಅದರಾಚೆಯ ಮನೆಯಲ್ಲಿಯೂ ಕುರಿ ಇತ್ತು, ನಡುಸಾಲಿನಲ್ಲಿ ಮಾತ್ರ ಆಚೆಯ ಮನೆ ಖಾಲಿ. ದೊಡ್ಡಪ್ಪ ಏನೂ ಹೇಳದೆ ನಡುಹುಲಿಯನ್ನು ಹಾರಿಸಿ ಕುರಿಯನ್ನು ಎತ್ತಿ ಪಕ್ಕಕ್ಕಿಟ್ಟರು.

ಕಾರಣ ಹುಡುಕಲು ಎರಡು ಸಂಜೆಗಳು ಹಿಡಿದವು. ಎಣಿಕೆಯಲ್ಲಿ ನಾನು ಅದೇ ಪದರದೊಳಗಿನ ನಡೆಗಳನ್ನಷ್ಟೇ ಸೇರಿಸಿದ್ದೆ. ಕುರಿ ಹೊಡೆದು ಕೆಳಗಿನ ಪದರಕ್ಕೆ ಇಳಿಯುವ ನಡೆಗಳಲ್ಲಿ ಹುಲಿಯ ಗೆಲುವಿಗೆ ಒಯ್ಯುವವನ್ನು ಮಾತ್ರ ಗಮನಿಸಿ, ಸಮಕ್ಕೆ ಒಯ್ಯುವವನ್ನು ಬಿಟ್ಟುಬಿಟ್ಟಿದ್ದೆ. ಹೀಗಾಗಿ ಹೊಡೆಯುವ ನಡೆಯೊಂದೇ ಉಳಿದ ಹುಲಿಗಳ ಎಣಿಕೆ ಮೊದಲೇ ಸೊನ್ನೆಯಾಗಿ, ಸಮವಾಗಬೇಕಾದ ಸ್ಥಿತಿಯೂ ಕುರಿಯ ಗೆಲುವೆಂದು ದಾಖಲಾಗುತ್ತಿತ್ತು, ಅಲ್ಲಿಂದ ಆ ಸುಳ್ಳು ಅಲೆಯಾಗಿ ಹಬ್ಬುತ್ತಿತ್ತು. ಹತ್ತನೆಯ ಪದರದಲ್ಲಿ ಇದು ಕಾಣಿಸಿಕೊಳ್ಳುವಂತೆಯೇ ಇರಲಿಲ್ಲ, ಏಕೆಂದರೆ ಅಲ್ಲಿ ಹೊಡೆದ ಯಾವ ಕುರಿಯೂ ಆರನೆಯದು, ಹುಲಿ ಗೆದ್ದಾಯಿತು. ಅತ್ಯಂತ ದೊಡ್ಡ ಪದರವೇ ತಪ್ಪಿಲ್ಲದೆ ಮುಗಿಯಿತೆಂದು ನಾನು ಬೀಗಿದ್ದಕ್ಕೆ ಅರ್ಥವಿರಲಿಲ್ಲ.

ಜುಲೈ 20

ತಿದ್ದಿದ ಕೋಡ್‌ನಲ್ಲಿ ಸಮಕ್ಕೆ ಒಯ್ಯುವ ಹೊಡೆತವು ಎಣಿಕೆಯಲ್ಲಿ ಎಂದೂ ಇಳಿಯದ ಒಂದಾಗಿ ಉಳಿಯುತ್ತದೆ. ಹನ್ನೊಂದನೆಯ ಪದರವನ್ನು ಅಳಿಸಿ ಮತ್ತೆ ಓಡಿಸಿದ್ದೇನೆ. ಜೊತೆಗೆ ಬೇರೆಯೇ ಒಂದು ಸಣ್ಣ ಪ್ರೋಗ್ರಾಂ ಬರೆದು, ಮುಗಿದ ಪದರದ ಪ್ರತಿ ಸ್ಥಿತಿಯ ಬೆಲೆಯೂ ಅದರ ನಡೆಗಳ ಬೆಲೆಗಳಿಗೆ ಹೊಂದುತ್ತದೆಯೇ ಎಂದು ಮುಂದಿನಿಂದ ಪರೀಕ್ಷಿಸುತ್ತಿದ್ದೇನೆ. ಇದನ್ನು ಮೊದಲೇ ಬರೆದಿದ್ದರೆ ಎರಡು ಸಂಜೆಗಳು ಉಳಿಯುತ್ತಿದ್ದವು, ದೊಡ್ಡಪ್ಪನ ನಗುವೂ ತಪ್ಪುತ್ತಿತ್ತು. ಮಳೆಗೆ ದಿನಕ್ಕೆ ಮೂರು ನಾಲ್ಕು ಸಲ ಕರೆಂಟು ಹೋಗುತ್ತಿರುವುದರಿಂದ ಅಲೆಯ ಪ್ರತಿ ಸುತ್ತು ಮುಗಿದ ಕೂಡಲೇ ಎಲ್ಲವನ್ನೂ ಡಿಸ್ಕ್‌ಗೆ ಬರೆಯುವ ವ್ಯವಸ್ಥೆ ಮಾಡಿದ್ದೇನೆ. ಹನ್ನೊಂದರ ಪರೀಕ್ಷೆಯಲ್ಲಿ ಈವರೆಗೆ ಹೊಂದದ ಸ್ಥಿತಿ ಸಿಕ್ಕಿಲ್ಲ. ಅದು ಮುಗಿದ ರಾತ್ರಿಯೇ ಹನ್ನೆರಡನ್ನು ಆರಂಭಿಸುತ್ತೇನೆ.