ಮನೆಯಲ್ಲಿ ತಾಜಿಕ್, ದಾಖಲೆಯಲ್ಲಿ ಉಜ್ಬೆಕ್

ಉಜ್ಬೆಕಿಸ್ತಾನದ ಸಮರ್ಕಂದದಲ್ಲಿ ನಾನು ಉಳಿದುಕೊಂಡಿದ್ದ ಮನೆಯಲ್ಲಿ ಬೆಳಗಿನ ತಿಂಡಿ ಬೇಗ ಮುಗಿಯುತ್ತಿರಲಿಲ್ಲ. ದಪ್ಪ ಅಂಚಿನ ಗುಂಡು ರೊಟ್ಟಿ, ಏಪ್ರಿಕಾಟ್ ಜಾಮ್, ಹಾಲಿಲ್ಲದ ಹಸಿರು ಚಹಾ, ಜೊತೆಗೆ ಮಾತು. ಅಜ್ಜಿ ಮೊಮ್ಮಗಳನ್ನು ಗದರಿದ್ದು ತಾಜಿಕ್‌ನಲ್ಲಿ. ಮೊಮ್ಮಗಳು ಫೋನಿನಲ್ಲಿ ಗೆಳತಿಯ ಜೊತೆ ಹರಟಿದ್ದು ಉಜ್ಬೆಕ್‌ನಲ್ಲಿ. ಟಿವಿಯಲ್ಲಿ ರಷ್ಯನ್ ಧಾರಾವಾಹಿ.

"ಹಾಗಾದ್ರೆ ನೀವು ತಾಜಿಕರಾ?" ಅಂತ ಕೇಳಿದೆ. ಇಂಗ್ಲಿಷ್ ಬಲ್ಲ ಮೊಮ್ಮಗಳು ನಕ್ಕಳು. "ಮನೆಯಲ್ಲಿ ಹೌದು. ಅಜ್ಜಿಯ ಸೋವಿಯತ್ ಪಾಸ್‌ಪೋರ್ಟಿನಲ್ಲಿ ಮಾತ್ರ ಜನಾಂಗ ಉಜ್ಬೆಕ್ ಅಂತ ಇತ್ತು." ಯಾಕೆ ಅಂದರೆ ಅಜ್ಜಿ ಕೈ ಆಡಿಸಿದರು. ಹಾಗೆ ಬರೆದರು, ಮುಗೀತು!

ಇದರ ಬೇರು 1924ರಲ್ಲಿದೆ. ಸೋವಿಯತ್ ಸರ್ಕಾರ ಮಧ್ಯ ಏಷ್ಯಾವನ್ನು ಜನಾಂಗದ ಲೆಕ್ಕದಲ್ಲಿ ಹಂಚಿದಾಗ ತಾಜಿಕರಿಗೆ ಸಿಕ್ಕಿದ್ದು ಉಜ್ಬೆಕಿಸ್ತಾನದ ಒಳಗಿನ ಒಂದು ಸ್ವಾಯತ್ತ ಭಾಗ. 1929ರಲ್ಲಿ ತಾಜಿಕಿಸ್ತಾನ ಬೇರೆ ಗಣರಾಜ್ಯವಾಯಿತು. ಖುಜಂದ್ ಅದಕ್ಕೆ ಸೇರಿತು, ಸಮರ್ಕಂದ ಮತ್ತು ಬುಖಾರಾ ಸೇರಲಿಲ್ಲ. ತಾಜಿಕ್ ಮಾತಿನ ಎರಡು ದೊಡ್ಡ ಊರುಗಳೇ ಆಚೆ ಉಳಿದವು. ಆಧುನಿಕ ತಾಜಿಕ್ ಗದ್ಯಕ್ಕೆ ಬುನಾದಿ ಹಾಕಿದ ಸದ್ರಿದ್ದೀನ್ ಐನಿ ಹುಟ್ಟಿದ್ದೂ ಬುಖಾರಾ ಸೀಮೆಯಲ್ಲೇ. ಇತ್ತ ಎಷ್ಟೋ ತಾಜಿಕರು ಉಜ್ಬೆಕ್ ಅಂತ ದಾಖಲಾದರು, ಕೆಲವರು ಒತ್ತಡಕ್ಕೆ, ಕೆಲವರು ಅನುಕೂಲಕ್ಕೆ. 1989ರ ಜನಗಣತಿಯ ಪ್ರಕಾರ ಉಜ್ಬೆಕಿಸ್ತಾನದಲ್ಲಿ ತಾಜಿಕರು ಶೇ. 5ಕ್ಕಿಂತ ಕಡಿಮೆ. ಸಮರ್ಕಂದದ ಬಜಾರಿನಲ್ಲಿ ಒಂದು ಸುತ್ತು ಹೊಡೆದವರಿಗೆ ಆ ಅಂಕಿ ನಂಬೋದು ಕಷ್ಟ. ಕಾಸರಗೋಡು ಬಲ್ಲ ನನಗೆ ಭಾಷೆ ಒಂದು ಕಡೆ, ಗಡಿ ಒಂದು ಕಡೆ ಅನ್ನುವುದು ಹೊಸದಲ್ಲ. ಆದರೆ ಅಲ್ಲಿನ ಕನ್ನಡಿಗ ಜನಗಣತಿಯವರ ಮುಂದೆ ತನ್ನ ಮಾತು ಕನ್ನಡ ಅಂತ ಹೇಳಬಹುದು, ಅಲ್ವಾ?

ಮಧ್ಯಾಹ್ನ ಪಂಜಕೆಂತ್‌ಗೆ ಹೊರಟೆ. ಸುಮಾರು 60 ಕಿ.ಮೀ. ದೂರದ ತಾಜಿಕಿಸ್ತಾನದ ಊರು. ಮಧ್ಯದ ಜಾರ್ತೆಪಾ ಗಡಿಯನ್ನು 2010ರಲ್ಲಿ ಮುಚ್ಚಿದ್ದರು, ತೆರೆದದ್ದು 2018ರಲ್ಲಿ. ಅಷ್ಟು ವರ್ಷ ಆಚೆ ಕೊಟ್ಟ ಮಗಳನ್ನು ನೋಡಬೇಕಾದರೂ ವೀಸಾ ಬೇಕು, ನೂರಾರು ಕಿ.ಮೀ. ಸುತ್ತಬೇಕು. ಈಗ ಸಾಲಿನಲ್ಲಿ ನನ್ನ ಮುಂದಿದ್ದ ಹೆಂಗಸರು ರೊಟ್ಟಿ, ಹಣ್ಣಿನ ಚೀಲ ಹಿಡಿದು ಆರಾಮಾಗಿ ದಾಟಿದರು. ನನ್ನ ವೀಸಾವನ್ನು ಮಾತ್ರ ತಿರುಗಿಸಿ ತಿರುಗಿಸಿ ನೋಡಿದರು.

ಆ ಕಡೆ ಸಿಕ್ಕ ಟ್ಯಾಕ್ಸಿ ಡ್ರೈವರ್‌ಗೆ ಅರವತ್ತರ ಹತ್ತಿರ ವಯಸ್ಸು. ಎಲ್ಲರೂ 'ಅಕಾ', ಅಂದರೆ ಅಣ್ಣ, ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಫೋನಿನ ಅನುವಾದ, ಅವರ ಅರ್ಧಂಬರ್ಧ ಇಂಗ್ಲಿಷ್, ನಮ್ಮ ಮಾತು ನಡೆಯಿತು. ಇಲ್ಲಿ ತಾಜಿಕ್ ಅನ್ನಲು ಹೆದರಬೇಕಿಲ್ಲ. ಬೋರ್ಡು, ಶಾಲೆ, ನೋಟು ಎಲ್ಲದರಲ್ಲೂ ಅದೇ ಭಾಷೆ. ಇಲ್ಲದ್ದು ಕೆಲಸ. ಗಂಡಸರು ರಷ್ಯಾಕ್ಕೆ ಹೋಗಿ ಕಟ್ಟಡ ಕಟ್ಟುತ್ತಾರೆ, ಮಾಸ್ಕೋದ ಬೀದಿ ಗುಡಿಸುತ್ತಾರೆ. ಅವರು ಕಳಿಸುವ ಹಣ ಕೆಲವು ವರ್ಷ ದೇಶದ ಜಿಡಿಪಿಯ ಅರ್ಧದಷ್ಟಾಗಿದ್ದೂ ಇದೆ.

ಅಕಾನ ಹಿರಿಯ ಮಗನೂ ಅಲ್ಲೇ. 2024ರ ಮಾರ್ಚಿನಲ್ಲಿ ಮಾಸ್ಕೋ ಬಳಿಯ ಕ್ರೋಕಸ್ ಸಭಾಂಗಣದಲ್ಲಿ 140ಕ್ಕೂ ಹೆಚ್ಚು ಜನರನ್ನು ಕೊಂದ ಆರೋಪದಲ್ಲಿ ತಾಜಿಕಿಸ್ತಾನದವರು ಸಿಕ್ಕಿಬಿದ್ದರು. ಆಮೇಲೆ ಪೊಲೀಸರು ಮಗನನ್ನು ಮೆಟ್ರೋದಲ್ಲಿ ನಿಲ್ಲಿಸೋದು ಜಾಸ್ತಿಯಾಗಿದೆಯಂತೆ. ಊರಲ್ಲಿ ಮೇಷ್ಟ್ರಾಗಿದ್ದವನು. ಇದನ್ನು ಹೇಳುವಾಗ ಅಕಾ ಫೋನ್ ಬಿಟ್ಟು ತಾಜಿಕ್‌ನಲ್ಲೇ ಒಂದಷ್ಟು ಬೈದರು. ಅನುವಾದ ಬೇಕಿರಲಿಲ್ಲ.

ಕಿರಿಯ ಮಗ ರಷ್ಯಾ ಬೇಡವೇ ಬೇಡ ಅಂತ ಇಂಗ್ಲಿಷ್ ಕಲಿಯುತ್ತಿದ್ದಾನೆ, ಕೊರಿಯಾ ಅನ್ನುತ್ತಾನೆ. "ಕಲಿ ಅಂದೆ. ರಷ್ಯನ್ ಮಾತ್ರ ಬಿಡಬೇಡ ಅಂತಲೂ ಹೇಳಿದ್ದೀನಿ" ಅಂದರು ಅಕಾ.